ಒಂದೇ ಪುಟದಲ್ಲಿ 38 ಮಕ್ಕಳು: ಶಾಲಾ ಲೈಬ್ರರಿಯಲ್ಲಿ ಆನ್‌ಲೈನ್‌ನಲ್ಲಿ ಕೂಡಿ ಬರೆಯುವುದನ್ನು ಶುರು ಮಾಡುವ ಬಗೆ

ಶಾಲೆಯ ಲೈಬ್ರರಿ ನೋಡಿಕೊಳ್ಳುವ ಎಲ್ಲರಿಗೂ ಇದು. ಗ್ರಂಥಪಾಲಕರ ಹುದ್ದೆಯಲ್ಲಿ ಇರುವವರಿಗೂ ಸರಿ, ಕನ್ನಡವೋ ಸಮಾಜವೋ ಪಾಠ ಮಾಡುತ್ತಾ ಜೊತೆಗೆ ಪುಸ್ತಕದ ಬೀರುವಿನ ಕೀ ಇಟ್ಟುಕೊಂಡಿರುವ ಮೇಷ್ಟ್ರು, ಮೇಡಂಗಳಿಗೂ ಸರಿ. ನಮ್ಮ ಕಡೆ ಎಷ್ಟೋ ಶಾಲೆಗಳಲ್ಲಿ ಲೈಬ್ರರಿ ನಡೆಯುತ್ತಿರುವುದೇ ಈ ಎರಡನೆಯವರಿಂದ ಅಲ್ವಾ.

ನಾನು ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಗ್ರಂಥಪಾಲಕಿ. ಗೂಗಲ್ ಡಾಕ್ಸ್, ಶೀಟ್ಸ್, ಫಾರ್ಮ್ಸ್, ಪ್ಯಾಡ್ಲೆಟ್ ಅಂತ ಆನ್‌ಲೈನ್ ಸಾಧನಗಳ ಹೆಸರುಗಳು ಒಂದರ ಹಿಂದೊಂದು ಕಿವಿಗೆ ಬೀಳುತ್ತಿದ್ದ ಕಾಲದಲ್ಲಿ, ಎಲ್ಲವನ್ನೂ ಪೂರ್ತಿ ಕಲಿತ ಮೇಲೆಯೇ ಮಕ್ಕಳ ಮುಂದೆ ನಿಲ್ಲಬೇಕು ಅಂದುಕೊಂಡು, ವಿಡಿಯೋ ನೋಡುತ್ತಾ ಟಿಪ್ಪಣಿ ಬರೆದುಕೊಳ್ಳುತ್ತಾ ಒಂದು ಇಡೀ ವರ್ಷ ಕಳೆದೆ. ನೋಟ್‌ಬುಕ್ ತುಂಬಿತು. ಮಕ್ಕಳಿಗೆ ಒಂದು ಪೀರಿಯಡ್ ಕೂಡ ಸಿಗಲಿಲ್ಲ. ನೀವು ಹಾಗೆ ಮಾಡಬೇಡಿ. ಲೈಬ್ರರಿಯಲ್ಲಿ ಈಗಾಗಲೇ ಇರುವ ಒಂದು ಕೆಲಸ ಹಿಡಿದುಕೊಳ್ಳಿ, ಅದಕ್ಕೆ ಎಷ್ಟು ಬೇಕೋ ಅಷ್ಟೇ ಕಲಿಯಿರಿ.

ಯಾವ ಚಟುವಟಿಕೆ ಇಟ್ಟುಕೊಳ್ಳಬೇಕು, ಯಾವುದು ಬಿಡಬೇಕು ಅನ್ನುವುದಕ್ಕೆ ನನ್ನ ಹತ್ತಿರ ಒಂದೇ ಅಳತೆ ಇದೆ. ಸ್ಕ್ರೀನ್ ಮುಂದೆ ಕೂತ ಮಗು ಎದ್ದು ಬೀರುವಿನ ಹತ್ತಿರ ಹೋಗಿ ಪುಸ್ತಕ ತೆಗೆಯಬೇಕು. ಪುಸ್ತಕ ತೆಗೆಯದೇ ಮುಗಿದುಹೋಗುವ ಕೆಲಸ ನೋಡಲು ಎಷ್ಟೇ ಚೆಂದ ಇದ್ದರೂ ಲೈಬ್ರರಿ ಪೀರಿಯಡ್‌ಗೆ ಬೇಡ.

ಮೊದಲು ಒಂದು ಡಾಕ್, ಅದರ ಕೀ ಯಾರ ಕೈಯಲ್ಲಿ?

ಇಂಟರ್ನೆಟ್ಟಿನಲ್ಲೇ ಬರೆದಿಡುವ ಗೂಗಲ್ ಡಾಕ್ಸ್‌ನಿಂದ ಶುರು ಮಾಡಿ, ಅದರ ಒಂದೊಂದು ಫೈಲನ್ನು ಡಾಕ್ ಅನ್ನುತ್ತಾರೆ. ದುಡ್ಡು ಕೊಡಬೇಕಿಲ್ಲ, ಕನ್ನಡ ಸರಿಯಾಗಿ ಕಾಣುತ್ತದೆ, ಒಂದು ಫೈಲಿನಲ್ಲಿ ಒಟ್ಟಿಗೆ 100 ಜನರವರೆಗೆ ಬರೆಯಬಹುದು. ಒಂದು ತರಗತಿಗೆ ಧಾರಾಳ. ನಿಮ್ಮ ಸ್ವಂತ ಜಿಮೇಲ್‌ನಲ್ಲಿ ಮಾಡಬೇಡಿ, ಲೈಬ್ರರಿಗೆ ಅಂತಲೇ ಬೇರೆ ಖಾತೆ ತೆರೆಯಿರಿ. ಪಾಸ್‌ವರ್ಡ್ ಬರೆದು ಮುಚ್ಚಿದ ಕವರ್‌ನಲ್ಲಿ ಹೆಡ್‌ಮಾಸ್ಟರ್ ಹತ್ತಿರ ಇಡಿ. ನಾಳೆ ನಿಮಗೆ ವರ್ಗವಾದರೆ ಮಕ್ಕಳು ಬರೆದದ್ದೆಲ್ಲ ನಿಮ್ಮ ಜೊತೆ ಹೊರಟುಹೋಗಬಾರದು.

ಇನ್ನು ಡಾಕ್ ಅನ್ನು ಬೇರೆಯವರಿಗೆ ತೆರೆದುಕೊಡುವ ಶೇರ್ ಬಟನ್. ಜನ ಗೊಂದಲ ಮಾಡಿಕೊಳ್ಳುವುದು ಇಲ್ಲೇ, ಆದರೆ ಲೈಬ್ರರಿಯವರಿಗೆ ಇದು ಹೊಸ ವಿಷಯವೇ ಅಲ್ಲ. ಅಲ್ಲಿ ಮೂರು ದರ್ಜೆ ಇವೆ. ವ್ಯೂವರ್ ಅಂದರೆ ರೆಫರೆನ್ಸ್ ವಿಭಾಗದಲ್ಲಿ ಕೂತು ಓದಿ ಪುಸ್ತಕ ಅಲ್ಲೇ ಇಟ್ಟು ಹೋಗುವವರು. ಕಮೆಂಟರ್ ಅಂದರೆ ಪುಟಕ್ಕೆ ಚೀಟಿ ಅಂಟಿಸಬಹುದು, ಪುಟದ ಮೇಲೆ ಬರೆಯುವಂತಿಲ್ಲ. ಎಡಿಟರ್ ಮಾಡಿದಿರಿ ಅಂದರೆ ಅಕ್ಸೆಷನ್ ರಿಜಿಸ್ಟರನ್ನೇ (ಲೈಬ್ರರಿಗೆ ಬಂದ ಪ್ರತಿ ಪುಸ್ತಕಕ್ಕೂ ನಂಬರ್ ಕೊಟ್ಟು ಬರೆದಿಡುವ ದಾಖಲೆ) ಕೈಗೆ ಕೊಟ್ಟ ಹಾಗೆ: ಬರೆಯಬಹುದು, ಅಳಿಸಬಹುದು, ಬೇರೆಯವರನ್ನು ಕರೆದು ತೋರಿಸಲೂಬಹುದು. ಬೇರೆಯವರನ್ನು ಕರೆಯುವ ಆ ಕೊನೆಯ ಅಧಿಕಾರ ಮಾತ್ರ ಬೇಡ. ಶೇರ್ ಕಿಟಕಿಯ ಮೇಲ್ಗಡೆ ಗೇರ್ ಚಿಹ್ನೆ ಇರುತ್ತದೆ, ಅದನ್ನು ಒತ್ತಿ, ಎಡಿಟರ್‌ಗಳು ಅನುಮತಿ ಬದಲಿಸಬಹುದು ಎಂಬ ಟಿಕ್ ತೆಗೆದುಬಿಡಿ.

ಮಕ್ಕಳಿಗೆಲ್ಲ ಜಿಮೇಲ್ ಇರುವುದಿಲ್ಲ, ಹಾಗಾಗಿ 'ಲಿಂಕ್ ಇರುವ ಯಾರಾದರೂ' ಅನ್ನುವುದನ್ನೇ ಆರಿಸಬೇಕಾಗುತ್ತದೆ. ಆಗ ಒಂದು ವಿಷಯ ನೆನಪಿರಲಿ. ಲಾಗಿನ್ ಆಗದೆ ಬಂದವರ ಹೆಸರು ಕಾಣುವುದಿಲ್ಲ, ಬದಲಿಗೆ ಅನಾನಿಮಸ್ ಅಂತ ಒಂದು ಪ್ರಾಣಿಯ ಹೆಸರು ಕಾಣುತ್ತದೆ. ಮಕ್ಕಳಿಗೆ ಇದು ಬಹಳ ಖುಷಿ, ನೀವು ಯಾವ ಪ್ರಾಣಿ ಅಂತ ಐದು ನಿಮಿಷ ಅದೇ ಮಾತು. ಆದರೆ ಯಾರು ಏನು ಬರೆದರು ಅಂತ ಆಮೇಲೆ ಹುಡುಕಿದರೆ ಸಿಗುವುದಿಲ್ಲ. ಆದ್ದರಿಂದ ಜಾಗ ಮೊದಲೇ ಹಂಚಿಡಿ, ಹೇಗೆ ಅಂತ ಮುಂದೆ ಹೇಳುತ್ತೇನೆ. ಮತ್ತೆ, ಪೀರಿಯಡ್ ಮುಗಿದ ತಕ್ಷಣ ಆ ಲಿಂಕನ್ನು ಎಡಿಟರ್‌ನಿಂದ ವ್ಯೂವರ್‌ಗೆ ಇಳಿಸಿ. ಲೈಬ್ರರಿ ಬಾಗಿಲಿಗೆ ಬೀಗ ಹಾಕುವಷ್ಟೇ ಅಭ್ಯಾಸವಾಗಬೇಕು ಇದು.

ತರಗತಿಗೆ ಹೋಗುವ ಮುಂಚೆ ಸ್ಟಾಫ್ ರೂಮಿನಲ್ಲಿ ಒಬ್ಬ ಸಹೋದ್ಯೋಗಿಯನ್ನು ಹಿಡಿದುಕೊಳ್ಳಿ. ಇಬ್ಬರೂ ಒಂದೇ ಡಾಕ್ ತೆರೆಯಿರಿ. ಅವರು ಬರೆಯಲಿ, ನೀವು ಅಳಿಸಿ. ಬೇಕು ಅಂತಲೇ ಎಲ್ಲ ಅಳಿಸಿ. ಆಮೇಲೆ ಫೈಲ್ ಮೆನುವಿನಲ್ಲಿ ವರ್ಷನ್ ಹಿಸ್ಟರಿ ತೆಗೆದು, ಬಲಗಡೆ ಕಾಣುವ ಸಮಯಗಳಲ್ಲಿ ಒಂದನ್ನು ಒತ್ತಿ, ರಿಸ್ಟೋರ್ ಮಾಡಿ. ಹೋದದ್ದು ವಾಪಸ್ ಬರುತ್ತದೆ. ಇದನ್ನು ಮೂರು ಸಲ ಮಾಡಿ ನೋಡಿದರೆ ಅರ್ಧ ಭಯ ಅಲ್ಲೇ ಹೋಗುತ್ತದೆ. ನನಗೆ ಹೋಯಿತು.

ಕನ್ನಡ ಟೈಪಿಂಗ್‌ನ ತಾಪತ್ರಯ

ಇದನ್ನು ಯಾವ ತರಬೇತಿಯಲ್ಲೂ ನನಗೆ ಹೇಳಿಕೊಡಲಿಲ್ಲ, ಆದರೆ ನಮ್ಮ ಶಾಲೆಗಳಲ್ಲಿ ಕೆಲಸ ನಿಲ್ಲುವುದು ಇಲ್ಲೇ. ಶಾಲೆಯ ಹಳೆಯ ಫೈಲುಗಳು, ಪುಸ್ತಕ ಪಟ್ಟಿ ಸೇರಿ, ಹೆಚ್ಚಿನವು 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆ ಫಾಂಟಿನಲ್ಲಿ ಇರುತ್ತವೆ. ಅದನ್ನು ಕಾಪಿ ಮಾಡಿ ಡಾಕ್ಸ್‌ಗೆ ಹಾಕಿದರೆ ಕನ್ನಡ ಹೋಗಿ, ಸೊಟ್ಟ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಫೈಲ್ ಹಾಳಾಗಿಲ್ಲ, ಗಾಬರಿ ಬೇಡ. ಆ ಹಳೆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ್ದವು, ಇಂಟರ್ನೆಟ್ಟಿಗೆ ಬೇಕಾದದ್ದು ಯೂನಿಕೋಡ್, ಅಂದರೆ ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರುಗಳೂ ಒಪ್ಪುವ ಒಂದೇ ಸಂಕೇತ. ಒಂದರಿಂದ ಇನ್ನೊಂದಕ್ಕೆ ಬದಲಿಸುವ ಕನ್ವರ್ಟರ್‌ಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತು ಇರುವ ಪದಗಳನ್ನು ಒಮ್ಮೆ ಕಣ್ಣಲ್ಲೇ ನೋಡಿ, ತಪ್ಪುವುದು ಜಾಸ್ತಿ ಅಲ್ಲೇ.

ಹೊಸದಾಗಿ ಬರೆಯುವಾಗ ಮೊದಲಿನಿಂದಲೇ ಯೂನಿಕೋಡ್ ಬಳಸಿ. ನುಡಿ ಕೀಲಿಮಣೆ ಕೈಗೆ ಹತ್ತಿರುವವರು ಅದನ್ನು ಬಿಡಬೇಕಿಲ್ಲ, ಕೆ.ಪಿ. ರಾವ್ ಅವರ ವಿನ್ಯಾಸದ ಅದೇ ಕೀಲಿಮಣೆಯಲ್ಲಿ ಯೂನಿಕೋಡ್ ಅಕ್ಷರಗಳನ್ನೂ ಟೈಪ್ ಮಾಡಬಹುದು. ಮಕ್ಕಳಿಗೆ ಮಾತ್ರ ಕೀಲಿಮಣೆ ಪಾಠ ಮಾಡುತ್ತಾ ಕೂರಬೇಡಿ. ಮನೆಯ ಫೋನಿನಲ್ಲಿ ಜಿಬೋರ್ಡ್‌ನಿಂದ ಕನ್ನಡ ಬರೆದು ಅವರಿಗೆ ಅಭ್ಯಾಸ ಇರುತ್ತದೆ, ಕಂಪ್ಯೂಟರಿನಲ್ಲೂ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಭಾಷೆ ಸೇರಿಸಿ ಫೊನೆಟಿಕ್ (ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರಣೆ ಒತ್ತಿದರೆ ಕನ್ನಡ ಬರುವ ಕೀಲಿಮಣೆ) ಆರಿಸಿದರೆ ಅರ್ಧ ಗಂಟೆಯಲ್ಲಿ ಹಿಡಿದುಕೊಳ್ಳುತ್ತಾರೆ. ಟೈಪಿಂಗ್ ತೀರಾ ಕಷ್ಟ ಆಗುವ ಮಗುವಿಗೆ ಇನ್ನೊಂದು ದಾರಿ ಇದೆ. ಕ್ರೋಮ್‌ನಲ್ಲಿ ಡಾಕ್ಸ್ ತೆರೆದು, ಟೂಲ್ಸ್ ಮೆನುವಿನಲ್ಲಿ ವಾಯ್ಸ್ ಟೈಪಿಂಗ್ ಒತ್ತಿ, ಭಾಷೆ ಕನ್ನಡ ಮಾಡಿದರೆ ಮಾತಾಡಿದ್ದು ಅಕ್ಷರ ಆಗುತ್ತದೆ. ಗದ್ದಲ ಇದ್ದರೆ ತಪ್ಪು ಬರುತ್ತದೆ, ಹಾಗಾಗಿ ಮೂಲೆಯಲ್ಲಿ ಕೂರಿಸಿ. ಪೂರ್ಣವಿರಾಮ ಕೈಯಿಂದಲೇ ಹಾಕಿಸಿ.

ತರಗತಿಯಲ್ಲಿ

ನಮ್ಮ ಕಂಪ್ಯೂಟರ್ ಕೋಣೆಯಲ್ಲಿ ನಡೆಯುವ ಮಷಿನ್ 12, ಎಂಟನೇ ತರಗತಿಯಲ್ಲಿ ಮಕ್ಕಳು 38. ಅಂದರೆ ಒಂದಕ್ಕೆ ಮೂವರು, ಎರಡು ಕಡೆ ನಾಲ್ವರು. ಇದು ಕೊರತೆ ಅಂತ ನನಗೆ ಅನಿಸಿಲ್ಲ. ಒಬ್ಬರು ಟೈಪ್ ಮಾಡುತ್ತಾರೆ, ಒಬ್ಬರು ಪುಸ್ತಕ ತೆರೆದು ಹಿಡಿಯುತ್ತಾರೆ, ಒಬ್ಬರು ಬೀರುವಿಗೂ ಕುರ್ಚಿಗೂ ಓಡಾಡುತ್ತಾರೆ. ಮುಂದಿನ ವಾರ ಕೆಲಸ ಬದಲಾಗುತ್ತದೆ. ನಿಮ್ಮಲ್ಲಿ ಒಂದೇ ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್ ಇದ್ದರೂ ನಡೆಯುತ್ತದೆ, ಗುಂಪುಗಳು ಕಾರ್ಡಿನ ಮೇಲೆ ಬರೆದು ಸರದಿಯಲ್ಲಿ ಬಂದು ಸೇರಿಸಲಿ.

ಡಾಕ್‌ನಲ್ಲಿ ಮೊದಲೇ ಒಂದು ಟೇಬಲ್ ಹಾಕಿಡಿ, 12 ಸಾಲು, ನಾಲ್ಕು ಕಾಲಂ. ಗುಂಪಿನ ಹೆಸರು, ಪುಸ್ತಕ, ಅದರ ಬಗ್ಗೆ ನಾಲ್ಕು ಸಾಲು, ಕೊನೆಯದು ಖಾಲಿ. ಗುಂಪಿನ ಹೆಸರನ್ನು ನೀವೇ ತುಂಬಿಡಿ, ಮಕ್ಕಳು ತಮ್ಮ ಹೆಸರಿನ ಎದುರಿಗೆ ಮಾತ್ರ ಬರೆಯಬೇಕು. ಖಾಲಿ ಪುಟ ಕೊಟ್ಟರೆ ಎಲ್ಲರೂ ಮೊದಲ ಸಾಲಿಗೇ ನುಗ್ಗುತ್ತಾರೆ, ಒಬ್ಬರ ಅಕ್ಷರ ಇನ್ನೊಬ್ಬರ ಪದದ ಮಧ್ಯೆ ಹೋಗಿ ಕೂರುತ್ತದೆ.

ಪೀರಿಯಡ್ ಶುರುವಾಗುವ ಮುಂಚೆ ವರ್ಷನ್ ಹಿಸ್ಟರಿಯಲ್ಲಿ ಆಗಿನ ಸ್ಥಿತಿಗೆ ಒಂದು ಹೆಸರು ಕೊಡಿ, 'ಸೋಮವಾರ ಶುರು' ಅಂತ ಏನಾದರೂ. ನಾನು ಇದನ್ನು ಕಲಿತದ್ದು ಎರಡನೇ ವಾರ. ಕೆಲಸ ಚೆನ್ನಾಗಿ ನಡೆಯುತ್ತಿತ್ತು, ಇಪ್ಪತ್ತು ನಿಮಿಷ ಆಗಿತ್ತು, ಪ್ರೊಜೆಕ್ಟರ್ ಪರದೆ ಇದ್ದಕ್ಕಿದ್ದ ಹಾಗೆ ಬೆಳ್ಳಗಾಯಿತು. "ಮಿಸ್, ಎಲ್ಲಾ ಹೋಯ್ತು!" ಅಂತ ಮೂರು ಕಡೆಯಿಂದ ಕೂಗು. ಒಬ್ಬ ಹುಡುಗ ತನ್ನ ಗುಂಪಿನ ಅಕ್ಷರ ದೊಡ್ಡದು ಮಾಡಲು ಹೋಗಿ ಕಂಟ್ರೋಲ್ ಎ ಒತ್ತಿ ಪುಟವನ್ನೆಲ್ಲ ಸೆಲೆಕ್ಟ್ ಮಾಡಿದ್ದ, ಆಮೇಲೆ ಯಾವುದೋ ಕೀ ತಾಗಿತ್ತು. ಹನ್ನೆರಡು ಗುಂಪಿನ ಬರಹದ ಜಾಗದಲ್ಲಿ ಒಂದೇ ಒಂದು 'ಕ' ಉಳಿದಿತ್ತು. ಅವನ ಮುಖ ನೋಡಲಾಗುತ್ತಿರಲಿಲ್ಲ. ನಾನು ಅವನನ್ನೇ ಮುಂದೆ ಕರೆದು ಮೌಸ್ ಕೈಗೆ ಕೊಟ್ಟೆ. ಫೈಲ್ ಒತ್ತು ಮಗ, ಕೆಳಗೆ ಬಾ, ವರ್ಷನ್ ಹಿಸ್ಟರಿ, ಎರಡು ನಿಮಿಷದ ಹಿಂದಿನದು ಹುಡುಕು. ಅವನು ರಿಸ್ಟೋರ್ ಒತ್ತಿದಾಗ ಟೇಬಲ್ ಪೂರ್ತಿ ಪರದೆಯ ಮೇಲೆ ವಾಪಸ್ ಬಂತು, ತರಗತಿ ಚಪ್ಪಾಳೆ ತಟ್ಟಿತು. ಈಗ ಏನೇ ಅಳಿಸಿ ಹೋದರೂ ಮಕ್ಕಳು ನನ್ನನ್ನು ಕರೆಯುವುದಿಲ್ಲ, ಅವನನ್ನು ಕರೆಯುತ್ತಾರೆ.

ನಾಲ್ಕು ಸಾಲು ಬರೆದ ಮೇಲೆ ಎರಡನೇ ಹಂತ, ನನಗೆ ಇಡೀ ಕೆಲಸದಲ್ಲಿ ಅತಿ ಇಷ್ಟವಾದದ್ದು ಇದು. ಲಿಂಕನ್ನು ಕಮೆಂಟರ್‌ಗೆ ಇಳಿಸಿ. ಈಗ ಯಾರೂ ಬೇರೆಯವರದ್ದು ಮುಟ್ಟುವಂತಿಲ್ಲ, ಪಕ್ಕದಲ್ಲಿ ಮಾತ್ರ ಬರೆಯಬಹುದು. ಪ್ರತಿ ಗುಂಪೂ ಕೆಳಗಿನ ಗುಂಪಿನ ಪುಸ್ತಕ ತೆಗೆದುಕೊಂಡು ಒಂದು ಕಮೆಂಟ್ ಹಾಕಬೇಕು. ಷರತ್ತು ಒಂದೇ: ಕಮೆಂಟಿನಲ್ಲಿ ಪುಟದ ಸಂಖ್ಯೆ ಇರಲೇಬೇಕು. 'ಸೂಪರ್', 'ಚೆನ್ನಾಗಿದೆ' ಅಂತ ಬಂದರೆ ನಾನು ಪುಟ ಎಷ್ಟು ಅಂತ ಮಾತ್ರ ಕೇಳುತ್ತೇನೆ.

ಈ ಷರತ್ತು ಹಾಕುವ ಮುಂಚೆ ಬಂದ ಕಮೆಂಟುಗಳಿಗೂ ಆಮೇಲಿನವಕ್ಕೂ ಅಜಗಜಾಂತರ. ಒಂದು ಗುಂಪು ಒಂದು ಕಥೆಯ ಬಗ್ಗೆ, ಮಗ ಊರು ಬಿಟ್ಟಾಗ ಅಜ್ಜಿ ಅತ್ತಳು ಅಂತ ಬರೆದಿತ್ತು. ಇನ್ನೊಂದು ಗುಂಪಿನ ಹುಡುಗಿ ಕಮೆಂಟ್ ಹಾಕಿದಳು: ಪುಟ 47ರಲ್ಲಿ ಅಜ್ಜಿ ಅಳಲಿಲ್ಲ, ಬಾಗಿಲಿಗೆ ನೀರು ಹಾಕಿದಳು ಅಂತ ಇದೆ. ಮೊದಲ ಗುಂಪು ಒಪ್ಪಲಿಲ್ಲ. ಪುಸ್ತಕ ಒಂದೇ ಪ್ರತಿ, ಆರು ತಲೆ ಅದರ ಮೇಲೆ ಬಾಗಿದವು. ಕೊನೆಗೆ ಪುಟ 52ರಲ್ಲಿ, ಎಲ್ಲರೂ ಮಲಗಿದ ಮೇಲೆ, ಅವಳು ಅತ್ತದ್ದು ಸಿಕ್ಕಿತು. ಇಬ್ಬರದ್ದೂ ಸರಿಯಾಗಿತ್ತು. ಅವರು ತಮ್ಮ ಸಾಲು ತಿದ್ದಲು ಕೇಳಿದರು, ನಾನು ಎಡಿಟ್ ಅನುಮತಿ ವಾಪಸ್ ಕೊಟ್ಟೆ. ಪುಸ್ತಕ ಓದುವುದನ್ನು ಕಲಿಸಲು ನಾನು ವರ್ಷಗಟ್ಟಲೆ ಒದ್ದಾಡಿದ್ದೇನೆ, ಇಂಥ ಅರ್ಧ ಗಂಟೆ ನನಗೆ ಸಿಕ್ಕಿದ್ದು ಬಹಳ ಕಡಿಮೆ.

ನೆಟ್ ಕೈಕೊಟ್ಟರೆ? ಕೊಡುತ್ತದೆ. ಕರೆಂಟೂ ಹೋಗುತ್ತದೆ. ಪ್ರತಿ ಗುಂಪಿಗೂ ಒಂದು ಬಿಳಿ ಕಾರ್ಡ್ ಕೊಟ್ಟಿರಿ, ಅದರಲ್ಲೂ ಅದೇ ನಾಲ್ಕು ಕಾಲಂ. ಕೆಲಸ ಕಾರ್ಡಿನಲ್ಲಿ ಮುಂದುವರಿಯಲಿ, ನೆಟ್ ಬಂದಾಗ ಸೇರಿಸಿದರಾಯಿತು.

ಪುಸ್ತಕ ಪಟ್ಟಿ, ಮಕ್ಕಳ ಕೈಯಲ್ಲಿ

ಡಾಕ್ಸ್ ಕೈಗೆ ಹತ್ತಿದ ಮೇಲೆ ಶೀಟ್ಸ್, ಅಂದರೆ ಸಾಲು ಕಾಲಂಗಳಲ್ಲಿ ಪಟ್ಟಿ ಮಾಡುವ ಗೂಗಲ್ ಸಾಧನ. ಅಕ್ಸೆಷನ್ ನಂಬರ್, ಹೆಸರು, ಲೇಖಕರು, ವರ್ಗ ಸಂಖ್ಯೆ (ವಿಷಯದ ಪ್ರಕಾರ ಪುಸ್ತಕ ಜೋಡಿಸುವ ನಂಬರ್), ಯಾವ ಬೀರು, ಎಷ್ಟನೇ ಹಲಗೆ. ಇದಿಷ್ಟು ನಿಮ್ಮದು. ಅದರ ಪಕ್ಕದಲ್ಲಿ 'ಓದಿದವರ ಒಂದು ಮಾತು' ಅಂತ ಒಂದು ಕಾಲಂ ಮಕ್ಕಳದು. ಡೇಟಾ ಮೆನುವಿನಲ್ಲಿ ಪ್ರೊಟೆಕ್ಟ್ ಶೀಟ್ಸ್ ಆ್ಯಂಡ್ ರೇಂಜಸ್ ಅಂತ ಇದೆ, ಅದರಲ್ಲಿ ನಿಮ್ಮ ಕಾಲಂಗಳಿಗೆ ಬೀಗ ಹಾಕಿ. ಮಕ್ಕಳದ್ದು ತೆರೆದಿರಲಿ.

ನಾವು ಒಂದು ಸಲ 200 ಪುಸ್ತಕಗಳ ಹೆಸರನ್ನು ಮಕ್ಕಳಿಂದಲೇ ತುಂಬಿಸಿದೆವು. ಆಮೇಲೆ ಬೇಂದ್ರೆ ಅಂತ ಹುಡುಕಿದರೆ ಎಲ್ಲ ಪುಸ್ತಕ ಸಿಗಲಿಲ್ಲ, ಯಾಕೆಂದರೆ ಒಬ್ಬರು ದ.ರಾ. ಬೇಂದ್ರೆ ಅಂತ, ಒಬ್ಬರು ಬೇಂದ್ರೆ ದ ರಾ ಅಂತ, ಇನ್ನೊಬ್ಬರು ಪುಸ್ತಕದ ಮೇಲಿದ್ದ ಹಾಗೆ ಅಂಬಿಕಾತನಯದತ್ತ ಅಂತ ಬರೆದಿದ್ದರು. ಮೂರೂ ಒಬ್ಬರೇ ಅಂತ ಮನುಷ್ಯರಿಗೆ ಗೊತ್ತು, ಶೀಟ್‌ಗೆ ಗೊತ್ತಿಲ್ಲ. ಲೈಬ್ರರಿ ಸೈನ್ಸ್ ಓದಿದವರಿಗೆ ಇದು ಹಳೆಯ ಪಾಠ, ಲೇಖಕರ ಹೆಸರಿಗೆ ಒಂದು ರೂಪ ಗೊತ್ತುಮಾಡಿಕೊಂಡು ಅದನ್ನೇ ಬಳಸಬೇಕು. ಮಕ್ಕಳಿಗೆ ಅದನ್ನು ಬೋರ್ಡಿನ ಮೇಲೆ ಹೇಳಿದರೆ ತಲೆಗೆ ಹೋಗುವುದಿಲ್ಲ, ಹುಡುಕಿದ ಪುಸ್ತಕ ಬೀರುವಿನಲ್ಲಿ ಕಣ್ಣೆದುರು ಇದ್ದೂ ಶೀಟ್‌ನಲ್ಲಿ ಸಿಗದಿದ್ದಾಗ ಹೋಗುತ್ತದೆ. ಪರಿಹಾರ ಸುಲಭ. ಇನ್ಸರ್ಟ್ ಮೆನುವಿನಲ್ಲಿ ಡ್ರಾಪ್‌ಡೌನ್ ಹಾಕಿ, ಲೇಖಕರ ಹೆಸರು ಅಲ್ಲಿಂದಲೇ ಆರಿಸುವ ಹಾಗೆ ಮಾಡಿ. ಹೆಸರಿನ ಹಿಂದೆ ಮುಂದೆ ಬಿದ್ದ ಖಾಲಿ ಜಾಗಗಳೂ ಕಾಟ ಕೊಡುತ್ತವೆ, ಡೇಟಾ ಮೆನುವಿನ ಕ್ಲೀನಪ್‌ನಲ್ಲಿ ಟ್ರಿಮ್ ಒತ್ತಿದರೆ ಹೋಗುತ್ತವೆ.

ಶೀಟ್‌ನ ಲಿಂಕಿಗೆ ಕ್ರೋಮ್‌ನಲ್ಲೇ ಕ್ಯೂಆರ್ ಕೋಡ್ ಮಾಡಿ ಬೀರುವಿಗೆ ಅಂಟಿಸಿ, ವ್ಯೂವರ್ ಲಿಂಕ್ ಮಾತ್ರ. ಪೋಷಕರ ಸಭೆಗೆ ಬಂದ ಅಪ್ಪ ಅಮ್ಮಂದಿರು ಫೋನಿನಲ್ಲಿ ತಮ್ಮ ಮಗು ಬರೆದ ಮಾತು ಹುಡುಕಿಕೊಂಡು ನಿಲ್ಲುತ್ತಾರೆ.

ಕಲಿತದ್ದು ಊರಿಗೆಲ್ಲ ಸಿಗುವ ಕೆಲಸ: ವಿಕಿಸೋರ್ಸ್

ಒಂಬತ್ತನೇ ತರಗತಿಯ ಮಕ್ಕಳಿಗೆ ಇದನ್ನು ಖಂಡಿತ ಮಾಡಿಸಿ. ಯಾರು ಬೇಕಾದರೂ ಓದಿ ತಿದ್ದಬಹುದಾದ ಉಚಿತ ಆನ್‌ಲೈನ್ ಗ್ರಂಥಾಲಯ ಕನ್ನಡ ವಿಕಿಸೋರ್ಸ್‌ನಲ್ಲಿ ಹಳೆಯ ಪುಸ್ತಕಗಳ ಸ್ಕ್ಯಾನ್ ಇರುತ್ತವೆ, ಒಂದು ಕಡೆ ಪುಟದ ಚಿತ್ರ, ಪಕ್ಕದಲ್ಲಿ ಅದರ ಅಕ್ಷರ. ಆ ಅಕ್ಷರಗಳನ್ನು ಹೆಚ್ಚಾಗಿ ಯಂತ್ರ ಓದಿರುತ್ತದೆ, ಹಾಗಾಗಿ ತಪ್ಪು ಇರುತ್ತವೆ: ಒತ್ತಕ್ಷರ ಬಿಟ್ಟಿರುತ್ತದೆ, 'ಪ' ಇರುವ ಕಡೆ 'ವ' ಆಗಿರುತ್ತದೆ. ಮಕ್ಕಳ ಕೆಲಸ ಚಿತ್ರ ನೋಡಿ ಅಕ್ಷರ ತಿದ್ದುವುದು. ಇನ್ನೂ ತಿದ್ದದ ಪುಟಕ್ಕೆ ಕೆಂಪು ಗುರುತು, ಒಬ್ಬರು ತಿದ್ದಿದರೆ ಹಳದಿ, ಇನ್ನೊಬ್ಬರು ಪರೀಕ್ಷಿಸಿದರೆ ಹಸಿರು. ಹಳದಿ ಮಾಡಿದವರೇ ಹಸಿರು ಮಾಡಲು ಆಗುವುದಿಲ್ಲ. ಕೂಡಿ ಮಾಡುವ ಕೆಲಸ ಅಂದರೆ ಏನು ಅಂತ ನಾನು ಬಾಯಲ್ಲಿ ಹೇಳುವುದಕ್ಕಿಂತ ಈ ಒಂದು ನಿಯಮ ಚೆನ್ನಾಗಿ ಹೇಳುತ್ತದೆ.

ಭಾರತದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಅವರ ಪುಸ್ತಕದ ಹಕ್ಕು ಮುಗಿಯುತ್ತದೆ, ಅಲ್ಲಿ ಹೆಚ್ಚಾಗಿ ಇರುವುದು ಅಂಥವೇ. ಮಕ್ಕಳಿಗೆ ಇದನ್ನೂ ಹೇಳಿ, ಕಾಪಿರೈಟ್ ಪಾಠ ಅಲ್ಲೇ ಆಗಿಹೋಗುತ್ತದೆ.

ಎರಡು ಎಚ್ಚರಿಕೆ. ಒಂದೇ ಇಂಟರ್ನೆಟ್ ಸಂಪರ್ಕದಿಂದ ದಿನಕ್ಕೆ ಆರು ಹೊಸ ವಿಕಿ ಖಾತೆ ಮಾತ್ರ ತೆರೆಯಬಹುದು, ಏಳನೆಯದಕ್ಕೆ ವಿಕಿ ಬೇಡ ಅನ್ನುತ್ತದೆ. ಪೀರಿಯಡ್ ಹೊತ್ತಿನಲ್ಲಿ ಇದು ಗೊತ್ತಾದರೆ ಕಷ್ಟ. ಎರಡು ಮೂರು ದಿನ ಮುಂಚಿತವಾಗಿ ಸ್ವಲ್ಪ ಸ್ವಲ್ಪವೇ ತೆರೆಸಿಡಿ. ಇನ್ನೊಂದು, ಖಾತೆಗೆ ಮಕ್ಕಳ ನಿಜ ಹೆಸರು ಇಡಬೇಡಿ. ಹೂವಿನ ಹೆಸರು, ನದಿಯ ಹೆಸರು ಸಾಕು.

ಚಿಕ್ಕ ಮಕ್ಕಳಿಗೆ ವಿಕಿಸೋರ್ಸ್ ಭಾರ ಆಗುತ್ತದೆ. ಅವರಿಗೆ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನುವ ಮಕ್ಕಳ ಕಥೆಗಳ ಜಾಲತಾಣ ಇದೆ. ಕನ್ನಡದ ಕಥೆಗಳು ಓದುವ ಮಟ್ಟದ ಪ್ರಕಾರ ಸಿಗುತ್ತವೆ, ಅಲ್ಲೇ ಅನುವಾದ ಕೂಡ ಮಾಡಬಹುದು. ಆರನೇ ತರಗತಿಯವರು ಗುಂಪಾಗಿ ಒಂದು ಇಂಗ್ಲಿಷ್ ಕಥೆಯನ್ನು ತಮ್ಮ ಊರಿನ ಕನ್ನಡಕ್ಕೆ ತಂದು ಒಂದನೇ ತರಗತಿಗೆ ಓದಿ ಹೇಳಲಿ.

ಮಕ್ಕಳ ವಿವರ

ಇದರಲ್ಲಿ ರಾಜಿ ಇಲ್ಲ. ನಮ್ಮ ದೇಶದ 2023ರ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ 18 ವರ್ಷದ ಒಳಗಿನವರೆಲ್ಲ ಮಕ್ಕಳೇ, ಅವರ ವಿವರ ಬಳಸಲು ಪೋಷಕರ ಒಪ್ಪಿಗೆ ಬೇಕು. ಗೂಗಲ್‌ನಲ್ಲಿ ಸ್ವಂತ ಖಾತೆ ನಡೆಸಲು 13 ವರ್ಷ ಆಗಿರಬೇಕು. ಆದ್ದರಿಂದ ಡಾಕ್‌ನಲ್ಲಿ, ಶೀಟ್‌ನಲ್ಲಿ ಮಕ್ಕಳ ಪೂರ್ತಿ ಹೆಸರು, ಫೋಟೋ, ಫೋನ್ ನಂಬರ್ ಬರಲೇಬಾರದು. ಗೂಗಲ್ ಫಾರ್ಮ್ ಮಾಡಿದರೆ ಇಮೇಲ್ ಸಂಗ್ರಹಿಸುವ ಆಯ್ಕೆ ಆಫ್ ಮಾಡಿ. ಪ್ಯಾಡ್ಲೆಟ್ (ಎಲ್ಲರೂ ಚೀಟಿ ಅಂಟಿಸುವ ಆನ್‌ಲೈನ್ ಹಲಗೆ) ಬಳಸಿದರೆ ಸೆಟ್ಟಿಂಗ್ಸ್‌ನಲ್ಲಿ ನೀವು ಒಪ್ಪಿದ ಮೇಲೆಯೇ ಪೋಸ್ಟ್ ಕಾಣುವ ಹಾಗೆ ಮಾಡಿ. ವರ್ಷದ ಮೊದಲ ಪೋಷಕರ ಸಭೆಯಲ್ಲಿ ಕನ್ನಡದಲ್ಲಿ ಅರ್ಧ ಪುಟದ ಒಪ್ಪಿಗೆ ಪತ್ರ ಕೊಟ್ಟು, ಓದಿ ಹೇಳಿ, ಸಹಿ ಹಾಕಿಸಿಕೊಳ್ಳಿ. ಓದಿ ಹೇಳುವುದು ಮುಖ್ಯ.

ವರ್ಷದ ಕೊನೆಗೆ

ಜಾಮ್‌ಬೋರ್ಡ್ ಅಂತ ಗೂಗಲ್‌ನದೇ ಒಂದು ಬಿಳಿ ಹಲಗೆ ಇತ್ತು, ತುಂಬಾ ಜನ ಶಿಕ್ಷಕರು ಅದರಲ್ಲಿ ಪಾಠ ಮಾಡಿಕೊಂಡಿದ್ದರು. 2024ರ ಡಿಸೆಂಬರ್ 31ಕ್ಕೆ ಅದು ಮುಚ್ಚಿತು. ಹಾಗಾಗಿ ಮಕ್ಕಳು ಬರೆದದ್ದನ್ನು ಬರೀ ಇಂಟರ್ನೆಟ್ಟಿನಲ್ಲಿ ಬಿಟ್ಟಿರಬೇಡಿ. ಮಾರ್ಚ್ ಬಂತು ಅಂದರೆ ಫೈಲ್ ಮೆನುವಿನಿಂದ ಪಿಡಿಎಫ್ ಡೌನ್‌ಲೋಡ್ ಮಾಡಿ, ಒಂದು ಪೆನ್‌ಡ್ರೈವ್‌ಗೆ ಹಾಕಿ.

ಮತ್ತೆ ಒಂದು ಪ್ರತಿ ಪ್ರಿಂಟ್ ತೆಗೆಸಿ, ಕಮೆಂಟುಗಳು ಸಮೇತ. ಅದಕ್ಕೆ ಮೊದಲೇ ವರ್ಡ್ ಫೈಲಾಗಿ ಡೌನ್‌ಲೋಡ್ ಮಾಡಿಕೊಂಡು ಪ್ರಿಂಟ್ ಕೊಟ್ಟರೆ ಕಮೆಂಟುಗಳು ಪಕ್ಕದಲ್ಲೇ ಬರುತ್ತವೆ. ಪೇಟೆಯಲ್ಲಿ ರಟ್ಟು ಹಾಕಿಸಿ, ಮುಂದೆ ತರಗತಿಯ ಹೆಸರು, ವರ್ಷ. ಒಳಗೆ ಶಾಲೆಯ ಸೀಲ್ ಒತ್ತಿ, ರಿಜಿಸ್ಟರಿನಲ್ಲಿ ಮುಂದಿನ ಅಕ್ಸೆಷನ್ ನಂಬರ್ ಕೊಟ್ಟು, ಬೆನ್ನಿಗೆ ಚೀಟಿ ಅಂಟಿಸಿ ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯದ ವರ್ಗ ಸಂಖ್ಯೆಯಾದ 894.814ರ ಸಾಲಿನಲ್ಲಿಯೇ ಇಡಿ. ನಮ್ಮಲ್ಲಿ ಅಂಥ ಎರಡು ಪುಸ್ತಕ ಇವೆ. ಈ ಜೂನ್‌ನಲ್ಲಿ ಎಂಟಕ್ಕೆ ಬಂದ ಒಬ್ಬಳು ಮೊದಲ ವಾರವೇ ಒಂದನ್ನು ಇಶ್ಯೂ ಮಾಡಿಸಿಕೊಂಡು ಹೋದಳು, ಅದರಲ್ಲಿ ಅವಳ ಅಕ್ಕನ ಗುಂಪಿನ ನಾಲ್ಕು ಸಾಲು ಇವೆ.